ಪಿಜಿ ರೂಮಿನಲ್ಲಿ, ಹತ್ತು ಸಾವಿರದೊಳಗೆ, ಒಂಟಿತನದ ಮೇಲೊಂದು ಕಾಮಿಡಿ ಕಿರುಚಿತ್ರ ಮಾಡೋದು ಹೇಗೆ?

ಖಂಡಿತ ಮಾಡಬಹುದು. ಕೈಯಲ್ಲಿ ಹತ್ತು ಸಾವಿರ ರೂಪಾಯಿ ಇದೆ, ಬಿಟಿಎಂ ಲೇಔಟಿನ ಪಿಜಿ ರೂಮಿದೆ, ಆನ್‌ಲೈನಿನಲ್ಲಿ ಜೊತೆ ಹುಡುಕುವ ಒಂಟಿ ಹುಡುಗನ ಕಥೆ ಇದೆ, ಯಾವ ಕ್ಯಾಮೆರಾ ಬಾಡಿಗೆಗೆ ತರಲಿ ಅಂತ ಕೇಳಿದ್ದೀರಿ. ನಾನು ಕಿರುಚಿತ್ರಗಳಿಗೆ ಸೌಂಡ್ ರೆಕಾರ್ಡ್ ಮಾಡುವವನು. ನನ್ನ ಮಾತು ಕೇಳುವುದಾದರೆ ಕ್ಯಾಮೆರಾ ತರಲೇಬೇಡಿ. ನಿಮ್ಮ ಮೊಬೈಲ್ ಸಾಕು. ದುಡ್ಡು ಹಾಕುವುದಿದ್ದರೆ ಸೌಂಡ್ ಮೇಲೆ ಹಾಕಿ.

ಒಂಟಿತನ ಕಣ್ಣಿಗಿಂತ ಕಿವಿಗೆ ಬೇಗ ಗೊತ್ತಾಗುತ್ತದೆ. ಪಕ್ಕದ ರೂಮಿನಲ್ಲಿ ಯಾರೋ ಊರಿಗೆ ಫೋನ್ ಮಾಡಿ ಜೋರಾಗಿ ನಗುತ್ತಿರುತ್ತಾರೆ, ಕೆಳಗೆ ಕುಕ್ಕರ್ ಕೂಗುತ್ತದೆ, ಇವನ ರೂಮಿನಲ್ಲಿ ಫ್ಯಾನ್ ಒಂದೇ. 'ಪುಷ್ಪಕ ವಿಮಾನ' ನೋಡಿದ್ದೀರಾ? 1987ರ ಸಿನಿಮಾ, ನಮ್ಮ ಬೆಂಗಳೂರಿನಲ್ಲೇ ಶೂಟ್ ಆಗಿದ್ದು, ಮಾತೇ ಇಲ್ಲ. ಅದರಲ್ಲಿ ಕಮಲ್ ಹಾಸನ್‌ಗೆ ದೊಡ್ಡ ಹೋಟೆಲಿನ ಮೆತ್ತನೆ ಹಾಸಿಗೆಯಲ್ಲಿ ನಿದ್ದೆ ಬರುವುದಿಲ್ಲ. ತನ್ನ ಹಳೇ ರೂಮಿನ ಪಕ್ಕದ ಟಾಕೀಸಿನ ಗದ್ದಲವನ್ನು ಟೇಪ್ ರೆಕಾರ್ಡರಿನಲ್ಲಿ ತುಂಬಿಕೊಂಡು ಬಂದು, ಅದನ್ನು ಹಾಕಿಕೊಂಡು ಮಲಗುತ್ತಾನೆ. ನಗುವೂ ಬರುತ್ತದೆ, ಪಾಪ ಅನ್ನಿಸುತ್ತದೆ ಕೂಡ. ನಿಮ್ಮ ಚಿತ್ರಕ್ಕೆ ಬೇಕಾಗಿರೋದು ಇಂಥದ್ದೇ.

ಹಾಗಾಗಿ ಕಥೆಯಲ್ಲಿ ಚಾಟಿಂಗ್ ಕಡಿಮೆ ಮಾಡಿ. ಪರದೆ ಮೇಲೆ ಮೆಸೇಜು ಓದಿಸುತ್ತಾ ಹೋದರೆ ನೋಡುವವರಿಗೆ ಸುಸ್ತಾಗುತ್ತದೆ. ಫೋನಿನಲ್ಲಿ ಮಾತಾಡಿಸಿ, ಕ್ಯಾಮೆರಾ ಮುಖದ ಮೇಲಿರಲಿ.

ಒಂದು ಎಳೆ ಹೇಳುತ್ತೇನೆ, ಇಷ್ಟವಾದರೆ ತಗೊಳ್ಳಿ. ಹುಡುಗನಿಗೆ ಪದಬಂಧ ಬಿಡಿಸುವ ಆನ್‌ಲೈನ್ ಗುಂಪಿನಲ್ಲಿ ಒಬ್ಬರು ರಿಟೈರ್ಡ್ ಟೀಚರ್ ಪರಿಚಯ. ಮಕ್ಕಳೆಲ್ಲ ಹೊರದೇಶದಲ್ಲಿ. ಇವನು ಅವರನ್ನು 'ಮಿಸ್' ಅಂತಲೇ ಕರೆಯುತ್ತಾನೆ. ತಾನು ಬಾಸ್ಟನ್‌ನಲ್ಲಿದ್ದೇನೆ ಅಂತ ಸುಮ್ನೆ ಹೇಳಿಬಿಟ್ಟಿದ್ದಾನೆ. ದಿನಾ ಬೆಳಿಗ್ಗೆ ಏಳಕ್ಕೆ ಇಬ್ಬರೂ ಫೋನಿನಲ್ಲಿ ಪದ ಹುಡುಕುತ್ತಾರೆ. ಒಂದು ದಿನ ಮಿಸ್ ಮನೆ ಮುಂದೆ ಕಸದ ಗಾಡಿ ಕೂಗುತ್ತಾ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಅದೇ ಕೂಗು ಮಿಸ್‌ಗೆ ಫೋನಿನೊಳಗಿಂದ ಕೇಳಿಸುತ್ತದೆ!

"ಏನಪ್ಪಾ, ಬಾಸ್ಟನ್ನಿಗೂ ಕಸದ ಗಾಡಿ ಬಂತಾ?"

"ಇಲ್ಲ ಮಿಸ್, ಅದು... ಪೊಲೀಸ್ ಸೈರನ್."

"ಸರಿ. ಹಸಿ ಕಸ, ಒಣ ಕಸ ಬೇರೆ ಬೇರೆ ಇಟ್ಟಿದ್ದೀ ತಾನೇ?"

ಎರಡು ರೂಮು, ಇಬ್ಬರು ನಟರು, ಒಂದು ಕೂಗು. ಮಿಸ್ ಅವನನ್ನು ಹಿಡಿದು ಹಾಕುವುದಿಲ್ಲ, ಅವನ ಮರ್ಯಾದೆ ಉಳಿಸುತ್ತಾರೆ. ಇದು ನನಗೆ ತುಂಬ ಮುಖ್ಯ. ಜೊತೆ ಬೇಕು ಅಂತ ಹಂಬಲಿಸುವವನನ್ನು ಪೆದ್ದನ ಥರ ತೋರಿಸಬೇಡಿ. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರಲ್ಲಿ ಹೇಳಿತು. ನಿಮ್ಮ ಚಿತ್ರ ನೋಡುವವರ ಸಾಲಿನಲ್ಲೂ ಅಂಥವರು ಕೂತಿರುತ್ತಾರೆ ಅಲ್ವಾ? ಅವರಿಗೆ ನೋವಾಗಬಾರದು.

ಇನ್ನು ಕೆಲಸದ ವಿಷಯ. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿನಲ್ಲಿ ಸಾವಿರ, ಒಂದೂವರೆ ಸಾವಿರಕ್ಕೆ ವೈರ್ ಇರುವ ಕಾಲರ್ ಮೈಕ್ ಸಿಗುತ್ತದೆ. ಎರಡು ತಗೊಳ್ಳಿ. ಟೇಕ್ ಹೊತ್ತಿಗೆ ಫ್ಯಾನ್ ಆಫ್, ಫ್ರಿಜ್ ಆಫ್. ಬೈಕಿನ ಕೀ ಫ್ರಿಜ್ ಒಳಗಿಡಿ. ಹೊರಡುವಾಗ ಕೀ ಹುಡುಕಿಕೊಂಡು ಬಂದಾಗ ಫ್ರಿಜ್ ಮತ್ತೆ ಆನ್ ಮಾಡುವುದು ನೆನಪಾಗುತ್ತದೆ. ಇದು ಸೌಂಡಿನವರೆಲ್ಲ ಬಲ್ಲ ಉಪಾಯ. ಶೂಟ್ ಮುಗಿದ ಮೇಲೆ ಎಲ್ಲರೂ ಉಸಿರು ಬಿಗಿಹಿಡಿದು ನಿಂತು, ಖಾಲಿ ರೂಮಿನ ಸದ್ದನ್ನೇ ಒಂದು ನಿಮಿಷ ರೆಕಾರ್ಡ್ ಮಾಡಿ. ಎಡಿಟಿಂಗ್‌ನಲ್ಲಿ ಮಾತು ಕತ್ತರಿಸಿದ ಕಡೆ ಅದನ್ನು ತುಂಬಬೇಕು, ಇಲ್ಲದಿದ್ದರೆ ಅಲ್ಲಿ ಸದ್ದು ಗಕ್ಕನೆ ನಿಂತಂತಾಗುತ್ತದೆ.

ಫೋನಿನೊಳಗಿನ ದನಿ ಹುಟ್ಟಿಸೋದು ಸುಲಭ. ಹಳೇ ಟೆಲಿಫೋನು ಸುಮಾರು 300ರಿಂದ 3400 ಹರ್ಟ್ಸ್ ತನಕದ ಸದ್ದನ್ನು ಮಾತ್ರ ದಾಟಿಸುತ್ತಿತ್ತು. ಎಡಿಟಿಂಗ್‌ನಲ್ಲಿ ಅದರ ಕೆಳಗೂ ಮೇಲೂ ಕತ್ತರಿಸಿದರೆ ಕೇಳುವವರಿಗೆ ತಕ್ಷಣ 'ಫೋನು' ಅನ್ನಿಸುತ್ತದೆ. ಇನ್ನೂ ಚೆನ್ನಾಗಿ ಬೇಕಾ? ರೆಕಾರ್ಡ್ ಮಾಡಿದ ಮಾತನ್ನು ನಿಜವಾದ ಮೊಬೈಲ್ ಸ್ಪೀಕರಿನಲ್ಲಿ ಹಾಕಿ, ಆ ರೂಮಿನಲ್ಲೇ ಮೈಕ್ ಹಿಡಿದು ಮತ್ತೊಮ್ಮೆ ರೆಕಾರ್ಡ್ ಮಾಡಿ. ಕಸದ ಗಾಡಿಯ ಕೂಗನ್ನೂ ಹೀಗೇ ಮಾಡಿ, ಆದರೆ ಯಾರದೋ ಹಾಡು ಬಳಸಬೇಡಿ. ಯೂಟ್ಯೂಬ್ ಅದನ್ನು ಕಾಪಿರೈಟ್ ಅಂತ ಹಿಡಿಯುತ್ತದೆ. ಗೆಳೆಯನಿಂದ ಹೊಸದಾಗಿ ಕೂಗಿಸಿ.

ಕ್ಯಾಮೆರಾ ಬಗ್ಗೆ ಒಂದೇ ಮಾತು: ನಮ್ಮ ಕರೆಂಟು 50 ಹರ್ಟ್ಸ್. ಮೊಬೈಲ್ ಕ್ಯಾಮೆರಾದ ಶಟರ್ ಸ್ಪೀಡ್ 1/50 ಅಥವಾ 1/100 ಸೆಕೆಂಡ್ ಇಡಿ, ಟ್ಯೂಬ್‌ಲೈಟ್ ಮಿಣುಕುವುದು ಕಾಣಿಸುವುದಿಲ್ಲ.

ಮಿಸ್ ಪಾತ್ರಕ್ಕೆ ರಂಗಭೂಮಿಯವರನ್ನು ಕೇಳಿ. ಜೆ.ಪಿ. ನಗರದ ರಂಗಶಂಕರದಲ್ಲೋ ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲೋ ನಾಟಕ ನೋಡಿ, ಮುಗಿದ ಮೇಲೆ ನಿಂತು ಮಾತಾಡಿಸಿ. ಆಟೋ ಚಾರ್ಜು, ಒಳ್ಳೆ ಊಟ, ಕೈಲಾದಷ್ಟು ಸಂಭಾವನೆ ಕೊಡಿ. ಇದರಲ್ಲಿ ಮಾತ್ರ ಜಿಪುಣತನ ಬೇಡ.

ಶೂಟಿಂಗ್ ವಾರದ ದಿನ, ಪಿಜಿ ಹುಡುಗರೆಲ್ಲ ಆಫೀಸಿಗೆ ಹೋದ ಮೇಲೆ. ಓನರ್ ಹತ್ತಿರ ಮೊದಲೇ ಹೇಳಿ. ಏಳೆಂಟು ನಿಮಿಷ ಮೀರದ ಹಾಗೆ ಕತ್ತರಿಸಿ, ನಿಮ್ಮ ಪರಿಚಯವಿಲ್ಲದ ನಾಲ್ಕು ಜನರಿಗೆ ತೋರಿಸಿ. ಎಲ್ಲಿ ನಕ್ಕರು ಅಂತ ಬರೆದಿಟ್ಟುಕೊಂಡು ಮತ್ತೊಮ್ಮೆ ಎಡಿಟಿಂಗ್‌ಗೆ ಕೂರಿ.