ಆಪರೇಷನ್ ವೇಳೆ ಹೊಟ್ಟೆಯೊಳಗೆ ಆಂಟಿಬಯಾಟಿಕ್ ಹಾಕಿದರೆ ಅಂಟಿಕೆ ತಪ್ಪುತ್ತದೆಯೇ?

ಆಪರೇಷನ್ ಮಾಡುವಾಗ ಹೊಟ್ಟೆಯೊಳಗೆ ಆಂಟಿಬಯಾಟಿಕ್ ದ್ರಾವಣ ಸುರಿದು ತೊಳೆದರೆ, ಆಮೇಲೆ ಕರುಳುಗಳು ಒಂದಕ್ಕೊಂದು ಅಂಟಿಕೊಳ್ಳುವುದು ತಪ್ಪುತ್ತದೆಯೇ ಎಂದು ಕೇಳಿದ್ದೀರಿ. ತಪ್ಪುತ್ತದೆ ಎಂದು ಹೇಳಲಾಗದು. ಕೆಲವು ಔಷಧಿಗಳಿಂದ ಅಂಟಿಕೆ ಜಾಸ್ತಿಯೇ ಆಗಬಹುದು.

ಹೊಟ್ಟೆಯ ಒಳಗೋಡೆಯನ್ನೂ ಕರುಳಿನ ಹೊರಮೈಯನ್ನೂ ಪೆರಿಟೋನಿಯಂ ಎಂಬ ತೆಳು ಪೊರೆ ಮುಚ್ಚಿರುತ್ತದೆ. ಅದು ತುಂಬಾ ನಾಜೂಕು. ಉಜ್ಜಿದರೂ, ಒಣಗಿದರೂ, ಸೋಂಕಾದರೂ ಅದಕ್ಕೆ ಗಾಯ. ಆ ಗಾಯದ ಮೇಲೆ ಫೈಬ್ರಿನ್ ಎಂಬ ಜಿಗುಟು ಪದಾರ್ಥ ಕೂರುತ್ತದೆ. ಕೆಲವು ದಿನಗಳಲ್ಲಿ ದೇಹ ಅದನ್ನು ಕರಗಿಸಿಬಿಟ್ಟರೆ ತೊಂದರೆಯಿಲ್ಲ. ಕರಗದೆ ಉಳಿದರೆ ಅಲ್ಲಿ ಕೊಲಾಜೆನ್ ಎಂಬ ನಾರು ಬೆಳೆದು ಗಟ್ಟಿ ಪಟ್ಟಿಯಾಗುತ್ತದೆ; ಇದೇ ಅಂಟಿಕೆ. ಉರಿಯೂತ ಹೆಚ್ಚಾದಷ್ಟೂ ಕರಗಿಸುವ ಶಕ್ತಿ ಕುಗ್ಗುತ್ತದೆ.

ಆಂಟಿಬಯಾಟಿಕ್ ಸೋಂಕು ತಗ್ಗಿಸಿದರೆ ಒಳ್ಳೆಯದೇ, ಅಲ್ವಾ? ಆದರೆ ಔಷಧಿಯೇ ಪೊರೆಯನ್ನು ಕೆರಳಿಸಬಹುದು. ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ನೋಡಿ. ಶ್ವಾಸಕೋಶದ ಸುತ್ತ ಪದೇ ಪದೇ ನೀರು ತುಂಬುವ ರೋಗಿಗಳಲ್ಲಿ, ಅಲ್ಲಿನ ಎರಡು ಪೊರೆಗಳನ್ನು ಬೇಕೆಂದೇ ಅಂಟಿಸಲು ವೈದ್ಯರು ಇದನ್ನೇ ಬಳಸಿದ್ದಾರೆ! ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲೂ ಫಲಿತಾಂಶ ಒಂದೇ ತರಹ ಬಂದಿಲ್ಲ. ಯಾವ ಔಷಧಿ, ಎಷ್ಟು ಗಾಢ, ಮೊದಲೇ ಸೋಂಕಿತ್ತೇ ಎಂಬುದೆಲ್ಲ ಮುಖ್ಯವಾಗುತ್ತದೆ.

ಹಾಗಾಗಿ ಸೋಂಕಿಲ್ಲದ ಹೊಟ್ಟೆಗೆ, ಅಂಟಿಕೆ ತಡೆಯಲೆಂದೇ ಸುಮ್ನೆ ಆಂಟಿಬಯಾಟಿಕ್ ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಕರುಳನ್ನು ಮೃದುವಾಗಿ ಮುಟ್ಟುವುದು, ಒಣಗಲು ಬಿಡದಿರುವುದು, ಸಾಧ್ಯವಾದಲ್ಲಿ ಲ್ಯಾಪರೋಸ್ಕೋಪಿ (ಸಣ್ಣ ರಂಧ್ರಗಳ ಮೂಲಕ ಆಪರೇಷನ್) ಮಾಡುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಪೌಡರ್ ಇರುವ ಗ್ಲೌಸ್ ಕೂಡ ಅಂಟಿಕೆಗೆ ಕಾರಣವಾಗುತ್ತದೆ. ಅಮೆರಿಕದಲ್ಲಿ 2017ರಿಂದ ಅದಕ್ಕೆ ನಿಷೇಧವಿದೆ. ಕೆಲವು ಆಪರೇಷನ್‌ಗಳಲ್ಲಿ ಹಯಲುರೋನಿಕ್ ಆಮ್ಲದಿಂದ ಮಾಡಿದ, ತಾನಾಗಿ ಕರಗುವ ತೆಳು ಹಾಳೆಯನ್ನು ಪೊರೆಗಳ ನಡುವೆ ಇಡುತ್ತಾರೆ.