ಸೈಕಲ್ ಹಾದಿ ಮುಚ್ಚಿದಾಗ ಬೋರ್ಡನ್ನೇ ನಂಬಬೇಡಿ
ದಿನಾ ಹೋಗುವ ಸೈಕಲ್ ಹಾದಿ ದುರಸ್ತಿಗೆ ಮುಚ್ಚಿದೆ, ಬೋರ್ಡ್ ತೋರಿಸುವ ಬದಲಿ ದಾರಿಯಲ್ಲಿ ಲಾರಿಗಳ ಕಾಟ ಅಂತ ಬರೆದಿದ್ದೀರಿ. ಅದೇ ದಾರಿ ಹಿಡಿಯಬೇಕಿಲ್ಲ. ಎಷ್ಟೋ ಸಲ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಅದನ್ನು ಗುರುತು ಮಾಡಿರುತ್ತಾರೆ. ಜನರೇ ಸೇರಿ ತಯಾರಿಸುವ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ, ಸೈಕಲ್ ಸವಾರರಿಗಾಗಿಯೇ ಇರುವ ಸೈಕ್ಲ್‌ಓಎಸ್‌ಎಂ ಎಂಬ ಆನ್‌ಲೈನ್ ನಕ್ಷೆ ತೆರೆದು ಒಳರಸ್ತೆಗಳನ್ನು ಹುಡುಕಿ. ಎರಡು ಕಿಲೋಮೀಟರ್ ಜಾಸ್ತಿಯಾದರೂ ಪರವಾಗಿಲ್ಲ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಅದು ಬರೀ 8 ನಿಮಿಷ, ಜೀವ ನೆಮ್ಮದಿಯಾಗಿರುತ್ತದೆ ಅಲ್ವಾ? ರಜೆಯ ದಿನ ಒಮ್ಮೆ ಆ ದಾರಿಯಲ್ಲಿ ಹೋಗಿ ಬನ್ನಿ. ದೊಡ್ಡ ರಸ್ತೆ ಎಲ್ಲಿ ದಾಟಬೇಕು ಅನ್ನೋದು ಮೊದಲೇ ಗೊತ್ತಾಗುತ್ತದೆ.

ಬೇಲಿ ಸರಿಸಿ ಒಳಗೆ ಮಾತ್ರ ನುಗ್ಗಬೇಡಿ. ಕೆಲಸ ನಿಂತಿರುವಾಗಲೂ ತೋಡಿದ ಗುಂಡಿ ಹಾಗೇ ಇರುತ್ತದೆ. ಬೋರ್ಡಿನ ದಾರಿ ಅಪಾಯ ಅನ್ನಿಸಿದರೆ ಸುಮ್ನೆ ಇರಬೇಡಿ, ಫೋಟೊ ಸಮೇತ ಕೆಲಸ ಮಾಡಿಸುತ್ತಿರುವವರಿಗೆ ಬರೆಯಿರಿ.