ಜಂಗು ತೆಗೆಯುವ ಮೊದಲು ಒಂದು ಪೆನ್ಸಿಲ್ ಹುಡುಕಿ

ಅಂಗಡಿಗಳ ಹಳೇ ಪಿಂಗಾಣಿ ಬೋರ್ಡು ಸಿಕ್ಕರೆ ಗುಜರಿಗೆ ಹಾಕಬೇಡಿ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ನೋಡಿದರೆ ನಮ್ಮ ಕಡೆ ಅಟ್ಟಗಳ ಮೇಲೆ ಬರೀ ಬೋರ್ಡೇ ತುಂಬಿವೆ ಅನ್ನಿಸುತ್ತದೆ. ಎಲ್ಲರ ಪ್ರಶ್ನೆಯೂ ಹೆಚ್ಚುಕಮ್ಮಿ ಒಂದೇ: ಜಂಗು ಹೇಗೆ ತೆಗೆಯೋದು? ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಅಕ್ಕಾರೆ, ನಮಸ್ಕಾರ. ನಮ್ಮ ಅಜ್ಜಂದು ಹಳೇ ಬಾಗಲಕೋಟೆಯಲ್ಲಿ ಸೀಮೆಎಣ್ಣೆ ಅಂಗಡಿ ಇತ್ತು. ಮುಳುಗಡೆ ಆದಾಗ ಅಂಗಡಿ ಹೋಯಿತು, ಬರ್ಮಾ ಶೆಲ್ ಬೋರ್ಡ್ ಮಾತ್ರ ಕಿತ್ತುಕೊಂಡು ಬಂದರು. ಇಷ್ಟು ವರ್ಷ ಹಿತ್ತಲಲ್ಲಿ ಗೋಡೆಗೆ ಒರಗಿಸಿ ಇಟ್ಟಿದ್ದೆವು. ಸ್ಕ್ರೂ ತೂತುಗಳಿಂದ ಜಂಗು ಇಳಿದು ಹಳದಿ ಬಣ್ಣದ ಮೇಲೆ ಕಂದು ಪಟ್ಟೆ ಬಿದ್ದಿದೆ. ಯಾವುದರಿಂದ ತಿಕ್ಕಲಿ? — ಒಬ್ಬ ಓದುಗರು, ನವನಗರ, ಬಾಗಲಕೋಟೆ

ಉತ್ತರ: ತಮ್ಮಾ, ತಿಕ್ಕೋ ಮಾತು ಆಮೇಲೆ. ಬರ್ಮಾ ಶೆಲ್ ಕಂಪನಿಯನ್ನು ಸರ್ಕಾರ 1976ರಲ್ಲಿ ವಹಿಸಿಕೊಂಡಿತು, ಆಮೇಲೆ ಅದು ಭಾರತ್ ಪೆಟ್ರೋಲಿಯಂ ಆಯಿತು. ಅಂದರೆ ನಿಮ್ಮ ಬೋರ್ಡು ಅದಕ್ಕಿಂತ ಹಳೇದು. ಅವಸರ ಮಾಡಬೇಡಿ.

ಪಿಂಗಾಣಿ ಬೋರ್ಡ್ ಅಂದರೆ ಕಬ್ಬಿಣದ ತಗಡಿನ ಮೇಲೆ ಗಾಜು. ಗಾಜಿನ ಪುಡಿ ಬಳಿದು, ಸುಮಾರು 800 ಡಿಗ್ರಿ ಕಾವಿನ ಭಟ್ಟಿಯಲ್ಲಿ ಕರಗಿಸಿ ಕೂರಿಸಿರುತ್ತಾರೆ. ಸಾಮಾನ್ಯವಾಗಿ ಒಂದೊಂದು ಬಣ್ಣಕ್ಕೂ ಒಂದೊಂದು ಸಲ ಭಟ್ಟಿ. ಗಾಜಿಗೆ ಜಂಗು ಹಿಡಿಯೋದಿಲ್ಲ. ಗಾಜು ಚಕ್ಕೆ ಎದ್ದಲ್ಲಿ, ಸ್ಕ್ರೂ ಬಿಗಿ ಮಾಡುವಾಗ ಬಿರುಕು ಬಿಟ್ಟಲ್ಲಿ ಒಳಗಿನ ತಗಡಿಗೆ ಹಿಡಿಯುತ್ತದೆ. ಮಳೆ ನೀರಿನ ಜೊತೆ ಅದೇ ಕೆಳಗೆ ಇಳಿಯುತ್ತದೆ. ಹಾಗಾಗಿ ನಿಮ್ಮ ಬೋರ್ಡಿನಲ್ಲಿ ಇರೋದು ಎರಡು ಬೇರೆ ಕೆಲಸ. ಹಳದಿಯ ಮೇಲಿನ ಕಂದು ಪಟ್ಟೆ ಬರೀ ಕಲೆ, ಅದು ಹೋಗುತ್ತದೆ. ತೂತಿನ ಸುತ್ತ ಇರೋದು ಗಾಯ. ಅದನ್ನು ಹೊಳೆಯುವ ತಗಡು ಕಾಣೋವರೆಗೂ ಕೆರೆಯೋಕೆ ಹೋದರೆ ಅಂಚಿನ ಗಾಜು ಇನ್ನಷ್ಟು ಏಳುತ್ತದೆ.

ಮೊದಲು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ, ಸ್ಪಂಜಿನಿಂದ ತೊಳೆಯಿರಿ. ಅರ್ಧ ಕೊಳೆ ಅಲ್ಲೇ ಹೋಗುತ್ತದೆ. ಒರೆಸಿ ಒಣಗಿಸಿ.

ಈಗ ಪೆನ್ಸಿಲ್ಲು. ಎನಾಮಲ್, ಅಂದರೆ ಇದೇ ಪಿಂಗಾಣಿ ಲೇಪ ಕೊಡುವ ಕಾರ್ಖಾನೆಗಳಲ್ಲಿ ಒಂದು ಪರೀಕ್ಷೆ ಇದೆ. 10% ಸಿಟ್ರಿಕ್ ಆಸಿಡ್ ಒಂದು ಹನಿ ಹಾಕಿ 15 ನಿಮಿಷ ಬಿಡುತ್ತಾರೆ, ತೊಳೆದು ಅಲ್ಲಿ ಪೆನ್ಸಿಲ್ ಗೆರೆ ಎಳೆದು ಒರೆಸುತ್ತಾರೆ. ಮನೆಯಲ್ಲಿ ನೀವು ಲಿಂಬೆ ರಸದಲ್ಲೇ ಮಾಡಿ. ಮೂಲೆಯಲ್ಲಿ, ಫ್ರೇಮಿನ ಕೆಳಗೆ ಮುಚ್ಚಿ ಹೋಗೋ ಜಾಗದಲ್ಲಿ ಒಂದು ಹನಿ. ಕಾಲು ಗಂಟೆ ಬಿಟ್ಟು ತೊಳೆದು, ಒಣಗಿಸಿ, ಮೆತ್ತಗಿನ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ಒಣ ಬಟ್ಟೆಯಲ್ಲಿ ಗೆರೆ ಸಲೀಸಾಗಿ ಹೋದರೆ ಗಾಜು ಗಟ್ಟಿ. ಗೆರೆ ಕಚ್ಚಿಕೊಂಡು ಕೂತರೆ ಆಸಿಡ್ ಆಗಲೇ ಗಾಜಿನ ಮೈ ತಿಂದು ತರಿತರಿ ಮಾಡಿದೆ ಅಂತ ಅರ್ಥ. ಅಂಥ ಬೋರ್ಡಿಗೆ ಸೋಪಿನ ನೀರು ಬಿಟ್ಟು ಬೇರೇನೂ ಬೇಡ. ಇದನ್ನು ಒಂದೊಂದು ಬಣ್ಣದ ಮೇಲೂ ನೋಡಬೇಕು. ಒಂದೊಂದು ಬಣ್ಣದ ಗಾಜೂ ಬೇರೆ. ನೀಲಿ ತಡೆದುಕೊಂಡಿತು ಅಂತ ಕೆಂಪೂ ತಡೆಯುತ್ತದೆ ಅನ್ನೋಕಾಗಲ್ಲ.

ಗಾಜು ಗಟ್ಟಿ ಇದ್ದರೆ ಆಕ್ಸಾಲಿಕ್ ಆಸಿಡ್ ತನ್ನಿ. ಮಾರ್ಬಲ್ ಪಾಲಿಶ್ ಮಾಡುವವರು ಬಳಸೋ ಬಿಳಿ ಪುಡಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಕಬ್ಬಿಣವನ್ನು ಹಿಡಿದು ನೀರಿನಲ್ಲಿ ಕರಗಿಸೋದರಲ್ಲಿ ಇದಕ್ಕೆ ಒಳ್ಳೇ ಕೈ. ಇನ್ನೂರು ಎಂಎಲ್ ನೀರಿಗೆ ಎರಡು ಟೀ ಚಮಚ ಸಾಕು. ಪ್ಲಾಸ್ಟಿಕ್ ಡಬ್ಬಿಯಲ್ಲೇ ಕಲಸಿ, ಕೈಗೆ ಗ್ಲೌಸ್ ಇರಲಿ. ಇದು ವಿಷ, ನೋಡೋಕೆ ಸಕ್ಕರೆ ಥರ ಇರುತ್ತದೆ. ಅಡುಗೆಮನೆಗೆ ತರಲೇಬೇಡಿ, ಅದಕ್ಕೆ ಬಳಸಿದ ಚಮಚ ವಾಪಸ್ ಒಳಗೆ ಬರಬಾರದು.

ಕಲೆಯ ಮೇಲೆ ಸುರಿಯಬೇಡಿ. ಹತ್ತಿಯನ್ನು ಅದರಲ್ಲಿ ಅದ್ದಿ ಹಿಂಡಿ, ಪಟ್ಟೆಯ ಮೇಲಷ್ಟೇ ಅಂಟಿಸಿ. ಒಣಗದ ಹಾಗೆ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಹತ್ತು ನಿಮಿಷಕ್ಕೆ ಎತ್ತಿ ನೋಡಿದರೆ ಹತ್ತಿ ಹಳದಿಯಾಗಿರುತ್ತದೆ. ಅಂದರೆ ಜಂಗು ಬರ್ತಾ ಇದೆ. ಒರೆಸಿ, ಬೇಕಾದರೆ ಇನ್ನೊಂದು ಸಲ. ತಿಕ್ಕೋ ಕೆಲಸವೇ ಇಲ್ಲ. ಕಲೆ ಹೋದ ಮೇಲೆ ಚೆನ್ನಾಗಿ ತೊಳೆದು, ಅರ್ಧ ಲೀಟರ್ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಅದರಲ್ಲಿ ಒರೆಸಿ, ಮತ್ತೆ ಬರೀ ನೀರು. ಆಮೇಲೆ ಕೂಡಲೇ ಒಣಗಿಸಬೇಕು. ಹೇರ್ ಡ್ರೈಯರ್ ಇದ್ದರೆ ತೂತುಗಳ ಸುತ್ತ ಹಿಡಿಯಿರಿ. ಹಸಿ ಬಿಟ್ಟರೆ ಗಾಯ ಮರುದಿನವೇ ಮತ್ತೆ ಕೆಂಪಾಗುತ್ತದೆ.

ಪ್ರಶ್ನೆ: ಟೀಚರ್, ನಮ್ಮ ಇಂಡಿ ಊರಲ್ಲಿ ಲಿಂಬೆಹಣ್ಣಿಗೇನು ಬರ? ಲಿಂಬೆಹೋಳಿಗೆ ಉಪ್ಪು ಹಚ್ಚಿ ತಿಕ್ಕಿದರೆ ಆಗಲ್ವಾ? ಪಿತ್ತಾಳಿ ಕೊಡ ಹಾಗೇ ತಿಕ್ಕುತ್ತೇವೆ. — ಒಬ್ಬ ಓದುಗರು, ಇಂಡಿ, ವಿಜಯಪುರ ಜಿಲ್ಲೆ

ಉತ್ತರ: ಲಿಂಬೆ ಆಗುತ್ತದೆ, ಉಪ್ಪು ಬೇಡ. ಕೊಡಕ್ಕೆ ಉಪ್ಪು ಸರಿ, ಆದರೆ ಕಬ್ಬಿಣದ ಗಾಯದೊಳಗೆ ಉಪ್ಪಿನ ಅಂಶ ಉಳಿದರೆ ಜಂಗು ಜೋರಾಗಿ ವಾಪಸ್ ಬರುತ್ತದೆ. ಲಿಂಬೆ ರಸದಲ್ಲಿ ಸಿಟ್ರಿಕ್ ಆಸಿಡ್ ಐದಾರು ಪರ್ಸೆಂಟ್ ಇರುತ್ತದೆ, ಆಕ್ಸಾಲಿಕ್‌ನಷ್ಟು ಚುರುಕಲ್ಲ. ತೆಳು ಕಲೆಗೆ ಸಾಕು. ಹುಣಸೆಹಣ್ಣೂ ಅಷ್ಟೇ. ಮನೆಯ ಹಣ್ಣು, ಏನಾಗುತ್ತದೆ ಬಿಡು ಅಂತ ರಾತ್ರಿಯಿಡೀ ಬಿಡಬೇಡಿ. ಕಾರ್ಖಾನೆಯವರು ಗಾಜು ಪರೀಕ್ಷೆ ಮಾಡೋದೇ ಈ ಸಿಟ್ರಿಕ್ ಆಸಿಡ್‌ನಿಂದ ಅಂತ ಮೇಲೆ ಹೇಳಿದೆನಲ್ಲ.

ನಿಮ್ಮ ಕಡೆಯ ಬೋರ್‌ವೆಲ್ ನೀರಿನ ಬಗ್ಗೆಯೂ ಒಂದು ಮಾತು. ಗಡಸು ನೀರಿಗೆ ಆಕ್ಸಾಲಿಕ್ ಹಾಕಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ನೀರಿನ ಸುಣ್ಣದ ಜೊತೆ ಸೇರಿ ತಳಕ್ಕೆ ಕೂರುತ್ತದೆ, ಅಷ್ಟು ಆಸಿಡ್ ದಂಡ. ಆರ್‌ಒ ಫಿಲ್ಟರ್ ನೀರು ಬಳಸಿ.

ಪ್ರಶ್ನೆ: ನಮ್ಮ ಮನೆಯವರು ಚಹಾ ಕಂಪನಿಯ ಹಳೇ ಬೋರ್ಡಿಗೆ ಟಾಯ್ಲೆಟ್ ಕ್ಲೀನರ್ ಸುರಿದು ಊಟಕ್ಕೆ ಕೂತರು. ಜಂಗು ಪೂರ್ತಿ ಹೋಯಿತು. ಆದರೆ ಈಗ ಸುರಿದ ಜಾಗ ಮಬ್ಬು ಮಬ್ಬು, ಹೊಳಪೇ ಇಲ್ಲ. ಬ್ಲೀಚಿಂಗ್ ಹಾಕಲೇನು? — ಟಿಳಕವಾಡಿಯ ಓದುಗರು, ಬೆಳಗಾವಿ

ಉತ್ತರ: ಬ್ಲೀಚಿಂಗ್ ಬೇಡವೇ ಬೇಡ, ಬಾಟಲಿ ಕೆಳಗಿಡಿ! ಟಾಯ್ಲೆಟ್ ಕ್ಲೀನರ್ ಇನ್ನೂ ಬೋರ್ಡಿನ ಮೇಲೆ ಒಂದಿಷ್ಟು ಉಳಿದಿದ್ದರೆ ಎರಡೂ ಸೇರಿ ಕ್ಲೋರಿನ್ ಗ್ಯಾಸ್ ಬರುತ್ತದೆ. ಬಚ್ಚಲುಮನೆಯಂಥ ಮುಚ್ಚಿದ ಜಾಗದಲ್ಲಿ ಪ್ರಾಣಕ್ಕೇ ಸಂಚಕಾರ. ಅದೂ ಅಲ್ಲದೆ ಬ್ಲೀಚ್‌ನಿಂದ ಜಂಗು ಹೋಗಲ್ಲ, ಇರೋ ಕಬ್ಬಿಣಕ್ಕೂ ಜಾಸ್ತಿ ಹಿಡಿಯುತ್ತದೆ.

ಲೇಬಲ್ ತಿರುಗಿಸಿ ಓದಿ. ಬಹುಪಾಲು ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ. ಟಾಯ್ಲೆಟ್ಟಿನ ಪಿಂಗಾಣಿಯ ಜಾತಿಯೇ ಬೇರೆ, ಅದು ತಡೆಯುತ್ತದೆ. ಬೋರ್ಡಿನ ಹಳೇ ಗಾಜು ತಡೆಯಲ್ಲ. ಹೋದ ಹೊಳಪು ಅಂದರೆ ಗಾಜಿನ ಮೇಲ್ಮೈಯೇ ಹೋಗಿದೆ ಅಂತ, ಅದು ವಾಪಸ್ ಬರಲ್ಲ. ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಒರೆಸಿ, ಬರೀ ನೀರಿನಲ್ಲಿ ಪದೇಪದೇ ತೊಳೆದು ಒಣಗಿಸಿ. ಆಮೇಲೆ ಕಾರಿಗೆ ಹಚ್ಚುವ ವ್ಯಾಕ್ಸ್ ತೆಳ್ಳಗೆ ಹಚ್ಚಿದರೆ ಮಬ್ಬು ಸ್ವಲ್ಪ ಮುಚ್ಚುತ್ತದೆ. ಯಜಮಾನರ ಮೇಲೆ ಸಿಟ್ಟು ಬೇಡ ಬಿಡಿ, ಬಾಟಲಿಯ ಮೇಲೆ ಕಲೆ ಹೋಗುತ್ತದೆ ಅಂತಲೇ ಬರೆದಿರುತ್ತದೆ ಅಲ್ವಾ?

ಪ್ರಶ್ನೆ: ಅಮೆರಿಕದಿಂದ ಬಂದ ಮಗ ಬಾರ್ ಕೀಪರ್ಸ್ ಫ್ರೆಂಡ್ ಅನ್ನೋ ಪುಡಿ ತಂದಿದ್ದಾನೆ. ಅಲ್ಲಿ ಬೋರ್ಡುಗಳಿಗೆ ಇದನ್ನೇ ಹಾಕ್ತಾರಂತೆ. — ಜಮಖಂಡಿಯ ಓದುಗರು

ಉತ್ತರ: ಹೌದು, ಹಾಕುತ್ತಾರೆ. 1882ರಿಂದ ಇರೋ ಪುಡಿ. ಅದರ ಜೀವಾಳವೂ ಆಕ್ಸಾಲಿಕ್ ಆಸಿಡ್ಡೇ. ಜೊತೆಗೆ ತಿಕ್ಕೋದಕ್ಕೆ ಕಲ್ಲಿನ ಪುಡಿ ಇರುತ್ತದೆ, ಗಾಜಿನ ಹೊಳಪಿಗೆ ಅದು ಒಳ್ಳೇದಲ್ಲ. ನೀರಲ್ಲಿ ಕಲಸಿ ಲೇಪದ ಹಾಗೆ ಹಚ್ಚಿ, ಒಂದೆರಡು ನಿಮಿಷ ಬಿಟ್ಟು ತೊಳೆಯಿರಿ, ಉಜ್ಜಬೇಡಿ. ನಮ್ಮ ಪಾತ್ರೆ ಪುಡಿಗಳಿಗೂ ಇದೇ ಮಾತು. ಇನ್ನು ಸ್ಟೀಲ್ ಸ್ಕ್ರಬ್ಬರ್, ಪಾಲಿಶ್ ಪೇಪರ್ ಅಂತ ಕೇಳಿದವರಿಗೆ: ಬೇಡ. ಹಳೇ ಬಣ್ಣಗಳಲ್ಲಿ ಸೀಸ ಇರೋದೂ ಉಂಟು, ಉಜ್ಜಿ ಧೂಳೆಬ್ಬಿಸಿ ಉಸಿರಿಗೆ ತಗೋಬೇಡಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ತರಿಸಿದ ಹಳೇ ಬೋರ್ಡಿನ ಜಂಗು ಏನು ಮಾಡಿದರೂ ಹೋಗ್ತಾ ಇಲ್ಲ. — ಗೋಕಾಕದ ಓದುಗರು

ಉತ್ತರ: ಕಣ್ಣು ಮುಚ್ಚಿ ಅಕ್ಷರದ ಅಂಚಿನ ಮೇಲೆ ಉಗುರು ಎಳೆಯಿರಿ. ಹಳೇ ಪಿಂಗಾಣಿಯಲ್ಲಿ ಸಾಮಾನ್ಯವಾಗಿ ಬಣ್ಣದ ಮೇಲೆ ಬಣ್ಣ ಕೂತಿರುತ್ತದೆ, ಮೆಟ್ಟಿಲು ಕೈಗೆ ಸಿಗುತ್ತದೆ. ಎಲ್ಲಾ ಒಂದೇ ಸಮ ನುಣ್ಣಗಿದ್ದರೆ ಪ್ರಿಂಟ್ ಮಾಡಿದ ತಗಡು ಇರಬಹುದು, ಜಂಗೂ ಪ್ರಿಂಟೇ. ಆಸಿಡ್ ಹಾಕೋದು ನಿಲ್ಲಿಸಿ, ಇಲ್ಲಾಂದ್ರೆ ಅಕ್ಷರವೂ ಎದ್ದು ಬರುತ್ತದೆ.

ಪ್ರಶ್ನೆ: ಜಂಗು ತೆಗೆದ ಮೇಲೂ ಚಕ್ಕೆ ಎದ್ದ ಜಾಗ ಕಪ್ಪಗೇ ಇದೆ. ಅಲ್ಲಿಗೆ ಪೇಂಟ್ ತುಂಬಬಹುದಾ? ಅಂಗಡಿ ಮುಂದೆ ತೂಗು ಹಾಕಬೇಕು. — ಖಾನಾಪುರದ ಓದುಗರು

ಉತ್ತರ: ಕಪ್ಪೆಲ್ಲಾ ಜಂಗಲ್ಲ. ಗಾಜು ತಗಡಿಗೆ ಕಚ್ಚಿಕೊಳ್ಳಲಿ ಅಂತ ಮೊದಲು ಕೋಬಾಲ್ಟ್ ಬೆರೆಸಿದ ಒಂದು ಅಡಿಲೇಪ ಕೊಡುತ್ತಾರೆ. ಅದರ ಬಣ್ಣವೇ ಕಡುನೀಲಿ, ಕಪ್ಪು. ಚಕ್ಕೆಯ ಅಂಚನ್ನು ಓರೆಯಾಗಿ ಬೆಳಕಿಗೆ ಹಿಡಿದು ನೋಡಿ. ಮೇಲೆ ಬಿಳಿ, ಕೆಳಗೆ ತೆಳ್ಳಗೆ ಕಪ್ಪು ಪದರ, ಅದರ ಕೆಳಗೆ ತಗಡು ಕಾಣುತ್ತದೆ. ಆ ಕಪ್ಪು ಪದರ ಎಷ್ಟು ಉಳಿದಿದೆಯೋ ಅಷ್ಟೂ ತಗಡಿಗೆ ಕಾವಲು. ಅದನ್ನು ಕೆರೆಯಬೇಡಿ.

ಪೇಂಟ್ ತುಂಬೋದು ನನಗಂತೂ ಇಷ್ಟವಿಲ್ಲ. ಎಷ್ಟೇ ಹೊಂದಿಸಿದರೂ ಗಾಜಿನ ಪಕ್ಕ ಪೇಂಟ್ ಎದ್ದು ಕಾಣುತ್ತದೆ. ತಗಡು ಬಯಲಾದ ಕಡೆ ಕಡಕ್ ಚಹಾದ ಡಿಕಾಕ್ಷನ್ ಅಥವಾ ಅಳಲೆಕಾಯಿ ಕಷಾಯವನ್ನು ಸಣ್ಣ ಬ್ರಶ್‌ನಲ್ಲಿ ಹಚ್ಚಿ. ಅದರ ಒಗರಿನಲ್ಲಿರೋ ಟ್ಯಾನಿನ್ ಜಂಗಿನ ಜೊತೆ ಸೇರಿ ಕಪ್ಪಾಗುತ್ತದೆ. ಹಿಂದೆ ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದದ್ದು ಇದರಿಂದಲೇ. ಮ್ಯೂಸಿಯಮ್ಮುಗಳಲ್ಲೂ ಜಂಗು ಹಿಡಿದ ಕಬ್ಬಿಣಕ್ಕೆ ಟ್ಯಾನಿಕ್ ಆಸಿಡ್ ಹಚ್ಚುತ್ತಾರೆ. ಅಕ್ಕಪಕ್ಕದ ಗಾಜಿಗೆ ತಾಗಿದ್ದನ್ನು ಕೂಡಲೇ ಒರೆಸಿ. ಒಣಗಿದ ಮೇಲೆ ಮೇಲಿಂದ ವ್ಯಾಕ್ಸ್. ಕೊಬ್ಬರಿ ಎಣ್ಣೆ ಬೇಡ, ಅಂಟಂಟಾಗಿ ಧೂಳು ಹಿಡಿಯುತ್ತದೆ.

ಇನ್ನು ತೂಗು ಹಾಕೋದು. ಖಾನಾಪುರದ ಮಳೆಗೆ ಬಯಲಲ್ಲಿ ಹಾಕಲೇಬೇಡಿ, ಛಾವಣಿಯ ಒಳಗೆ ಇರಲಿ. ಸ್ಕ್ರೂ ನೇರ ಗಾಜಿಗೆ ತಾಗಬಾರದು. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ, ಬೋರ್ಡಿನ ಹಿಂದೆ ಒಂದು, ಮುಂದೆ ಒಂದು ವಾಷರ್ ಇಡಿ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿಂದು ತಗೊಳ್ಳಿ. ಬಡಗಿಗೆ ಕೊಟ್ಟರೆ ಡ್ರಿಲ್ ಮಶಿನ್‌ನಲ್ಲಿ ಬಿಗಿ ಮಾಡಿ ಚಕ್ಕೆ ಎಬ್ಬಿಸಿಬಿಡುತ್ತಾನೆ. ನೀವೇ ನಿಂತು, ಸ್ಕ್ರೂಡ್ರೈವರ್ ಹಿಡಿದು, ಬೋರ್ಡ್ ಅಲುಗಾಡದಷ್ಟು ಮಾತ್ರ ತಿರುಗಿಸಿ.